ಕೋವಿಯ ಬೀಗದ ಕೈ: ಒಬ್ಬ ವಿದ್ಯಾರ್ಥಿ, ಒಂದು ಪುತ್ತರಿ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಆರು ದಿನ ಬಾಕಿ ಇತ್ತು. ಕಾಲೇಜು ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು, ನಮ್ಮ ಅಧ್ಯಯನಕ್ಕೆ ವಿದ್ಯಾರ್ಥಿಗಳು ಹಾಳೆ ತುಂಬಿ ಕೊಟ್ಟ ಕವರ್‌ಗಳನ್ನು ಎಣಿಸುತ್ತಿದ್ದೆ. ಒಂದು ಕವರ್ ಸರಿಯಾಗಿ ಅಂಟಿರಲಿಲ್ಲ. ಒಳಗಿನ ಹಾಳೆ ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಒಳಗಿಡುವಾಗ ಕಣ್ಣು ಕೊನೆಯ ಸಾಲಿಗೆ ಹೋಯಿತು. ಒಂಬತ್ತನೇ ಪ್ರಶ್ನೆ. ಅದರ ಮುಂದೆ 'ಕೆಲವು ದಿನ' ಅನ್ನುವಲ್ಲಿ ಟಿಕ್ ಇತ್ತು. ಪೆನ್ಸಿಲ್‌ನಲ್ಲಿ ಹಾಕಿ, ಅಳಿಸಿ, ಮತ್ತೆ ಅಲ್ಲೇ ಹಾಕಿದ್ದ ಟಿಕ್.

ಆ ಹಾಳೆ ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆಯ ಲಕ್ಷಣ ಅಳೆಯುವ ಪ್ರಶ್ನಾವಳಿ. ಒಂಬತ್ತೇ ಪ್ರಶ್ನೆ. ಹಿಂದಿನ ಎರಡು ವಾರದಲ್ಲಿ ನಿದ್ದೆ, ಹಸಿವು, ಉತ್ಸಾಹ ಹೇಗಿತ್ತು ಅಂತ ಕೇಳುತ್ತದೆ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸ್ವಲ್ಪ ಕೂತು ಮಾತಾಡಿ ನೋಡಬೇಕು ಅಂತ ಲೆಕ್ಕ. ಇದು ಜರಡಿ ಅಷ್ಟೇ. ಕಾಯಿಲೆ ಇದೆಯೋ ಇಲ್ಲವೋ ಹೇಳಬೇಕಾದವರು ವೈದ್ಯರು. ಕೊನೆಯ ಪ್ರಶ್ನೆ ಸತ್ತರೆ ವಾಸಿ ಅನ್ನಿಸಿದೆಯಾ, ನಿಮಗೆ ನೀವೇ ನೋವು ಮಾಡಿಕೊಳ್ಳಬೇಕು ಅನ್ನಿಸಿದೆಯಾ ಅಂತ. ಈ ಹಾಳೆಯ ಒಟ್ಟು ಅಂಕ 15.

ಹಾಳೆಯ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಇತ್ತು. ಯಾವ ಸಂಖ್ಯೆ ಯಾರದ್ದು ಅನ್ನುವ ಪಟ್ಟಿ ನನ್ನ ಬೀರುವಿನಲ್ಲಿತ್ತು. ಒಪ್ಪಿಗೆ ಪತ್ರದಲ್ಲಿ 'ಜೀವಕ್ಕೆ ಅಪಾಯ ಅನ್ನಿಸಿದರೆ ನಿಮ್ಮನ್ನು ಸಂಪರ್ಕಿಸುತ್ತೇವೆ' ಅನ್ನುವ ಒಂದು ಸಾಲು ಹಾಕಿದ್ದೆವು. ನಿಜ ಹೇಳಬೇಕೆಂದರೆ ಅದು ಸುಮ್ನೆ ಶಾಸ್ತ್ರಕ್ಕೆ ಹಾಕಿದ ಸಾಲು. ಕವರ್‌ಗಳನ್ನು ಹಬ್ಬ ಮುಗಿದ ಮೇಲೆ ಒಟ್ಟಿಗೆ ಒಡೆದು ಲೆಕ್ಕ ಹಾಕುವುದು ಅಂತ ತೀರ್ಮಾನವಾಗಿತ್ತು. ಅಂಟು ಸರಿ ಇದ್ದಿದ್ದರೆ ನಾನು ಆ ಟಿಕ್ ನೋಡುತ್ತಿದ್ದುದು ತಿಂಗಳ ನಂತರ.

ನಾವು ಏನು ಮಾಡಲು ಹೊರಟಿದ್ದೆವು

ನಾನು ಸಮಾಜಶಾಸ್ತ್ರ ಪಾಠ ಮಾಡುವವಳು. ಊರು ಮೈಸೂರು ಕಡೆ. ಕೊಡಗಿಗೆ ಬಂದು ಹತ್ತು ವರ್ಷದ ಮೇಲಾಯಿತು. ಕನ್ನಡದವರು ಹುತ್ತರಿ ಅನ್ನುತ್ತೇವೆ, ಕೊಡವರ ಭಾಷೆ ಕೊಡವ ತಕ್ಕ್‌ನಲ್ಲಿ ಪುತ್ತರಿ. ಪುದಿಯ ಅರಿ, ಅಂದರೆ ಹೊಸ ಅಕ್ಕಿ. ಈಗ ನನ್ನ ಬಾಯಲ್ಲೂ ಪುತ್ತರಿಯೇ ಬರುತ್ತದೆ.

ನಮ್ಮ ಪ್ರಶ್ನೆ ಸರಳವಾಗಿತ್ತು. ಹಬ್ಬ ವಿದ್ಯಾರ್ಥಿಗಳ ಮನಸ್ಸಿಗೆ ಏನು ಮಾಡುತ್ತದೆ? ಮೂರು ಸಲ ಹಾಳೆ ತುಂಬಿಸುವುದು: ಹಬ್ಬಕ್ಕೆ ಮೊದಲು, ಹಬ್ಬದ ಮರುದಿನ, ಹಬ್ಬ ಕಳೆದು ಮೂರು ವಾರಕ್ಕೆ. ನಡುವೆ ಮಾತುಕತೆ. ಉತ್ತರ ಗೊತ್ತಿದೆ ಅಂದುಕೊಂಡೇ ಶುರು ಮಾಡಿದ್ದೆ, ಅದನ್ನು ಒಪ್ಪಿಕೊಳ್ಳಬೇಕು. ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಐನ್‌ಮನೆ ಅನ್ನುವ ಮೂಲ ಮನೆಯಲ್ಲಿ ಸೇರುತ್ತಾರೆ, ದೀಪ, ಹಾಡು, ಹೊಸ ಅಕ್ಕಿಯ ಪಾಯಸ, ಮಕ್ಕಳ ಮುಖ ಅರಳುತ್ತದೆ. ಅಂಕ ಇಳಿಯದೆ ಇರುತ್ತದಾ? 1940ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಲ್ಲಿನ ಜನರ ಬಗ್ಗೆ ಬರೆಯುವಾಗ ಒಕ್ಕಕ್ಕೆ ಎಷ್ಟು ತೂಕ ಕೊಟ್ಟಿದ್ದರು ಅಂತ ನಾನೇ ತರಗತಿಯಲ್ಲಿ ವರ್ಷವರ್ಷ ಪಾಠ ಮಾಡುತ್ತೇನೆ. ಅದೇ ಕನ್ನಡಕ ಹಾಕಿಕೊಂಡು ಹೊರಟಿದ್ದೆ.

ಮುಂದೆ ಬರುವುದು ಒಬ್ಬನ ಕಥೆ ಮಾತ್ರ. ಅವನ ಒಪ್ಪಿಗೆ ಇದೆ. ಕರಡು ಓದಿ ಒಂದು ಪ್ಯಾರಾ ತೆಗೆಸಿದ. ಊರು, ಸಂಬಂಧ, ಕೆಲವು ವಿವರ ಬದಲಿಸಿದ್ದೇನೆ. ಕೊಡಗು ಚಿಕ್ಕ ಜಿಲ್ಲೆ. 2011ರ ಜನಗಣತಿಯಲ್ಲಿ ಒಟ್ಟು 5,54,519 ಜನ, ರಾಜ್ಯದಲ್ಲೇ ಕಡಿಮೆ. ಮನೆ ಹೆಸರು ಹೇಳಿದರೆ ಸಾಕು, ಯಾರ ಮಗ, ಯಾರ ಅಳಿಯ, ಗದ್ದೆ ಎಲ್ಲಿದೆ ಅಂತ ಎರಡು ನಿಮಿಷದಲ್ಲಿ ಪತ್ತೆಯಾಗುತ್ತದೆ. ಮಾತು ನಡೆದದ್ದು ಕೊಡವ ತಕ್ಕ್ ಮತ್ತು ಕನ್ನಡ ಬೆರೆತು. ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಹುಡುಗ

ಇಪ್ಪತ್ತು ವರ್ಷ. ಜಿಲ್ಲೆಯ ಹೊರಗೆ ಇಂಜಿನಿಯರಿಂಗ್ ಮೂರನೇ ವರ್ಷ. ನನ್ನ ವಿದ್ಯಾರ್ಥಿನಿಯೊಬ್ಬಳ ಚಿಕ್ಕಪ್ಪನ ಮಗ. ಹೊರಗೆ ಓದುವ ಕೆಲವರು ಇರಲಿ ಅಂತ ಅವಳು ಅವನ ಕೈಯಲ್ಲೂ ಹಾಳೆ ತುಂಬಿಸಿದ್ದಳು. ಹೀಗೆ ಗುರುತಿನವರನ್ನು ಸೇರಿಸಿಕೊಳ್ಳುವುದು ಒಳ್ಳೆಯ ಸಂಶೋಧನೆಯ ಲಕ್ಷಣ ಅಲ್ಲ. ಆದರೂ ಹಾಗೇ ಆಯಿತು.

ಅಕ್ಟೋಬರ್ 17ರ ಸುಮಾರಿಗೆ ಕಾವೇರಿ ಸಂಕ್ರಮಣಕ್ಕೆ ಅಂತ ಮನೆಗೆ ಬಂದವನು ವಾಪಸ್ ಹೋಗಿರಲಿಲ್ಲ. ಅಪ್ಪನಿಗೆ 'ಸ್ಟಡಿ ಹಾಲಿಡೇಸ್' ಅಂದಿದ್ದ. ನಾಲ್ಕು ವಿಷಯ ಬಾಕಿ ಇದ್ದವು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ನಿದ್ದೆ, ಮಧ್ಯಾಹ್ನ ಎಚ್ಚರ. ಅಮ್ಮ ಊಟಕ್ಕೆ ಕರೆದರೆ 'ಆಮೇಲೆ'. ಮನೆಯವರು ಫೋನಿಗೆ ಬೈದರು. ಫೋನು ನೋಡಿ ನಿದ್ದೆ ಕೆಟ್ಟಿದೆ ಅಂತ ಅವರ ಅಂದಾಜು. ನಿದ್ದೆ ಬರದೆ ಫೋನು ನೋಡುತ್ತಿದ್ದಾನೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಮಾರನೇ ದಿನ ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಮಾತಾಡಿದೆವು. ಅವನ ಅಕ್ಕ ಒಳಗೆ ಕಾಫಿ ಮಾಡುತ್ತಿದ್ದಳು. ಸುತ್ತಿ ಬಳಸದೆ ಕೇಳಿದೆ. ಸಾಯುವ ಯೋಚನೆ ಬಗ್ಗೆ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಎಷ್ಟೋ ಜನರಿಗೆ ಹಗುರಾಗುತ್ತದೆ.

"ಸಾಯ್ಬೇಕು ಅಂತಲ್ಲ ಮೇಡಂ. ಬೆಳಗ್ಗೆ ಎಚ್ಚರ ಆಗದಿದ್ರೆ ಒಳ್ಳೇದಿತ್ತು ಅನ್ಸುತ್ತೆ ಒಂದೊಂದು ದಿನ."

ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚಿಸಿದ್ದೀಯಾ ಅಂದೆ. ಇಲ್ಲ ಅಂದ. ನಂಬುವಂತೆ ಇತ್ತು. ಆಮೇಲೆ ಹಬ್ಬದ ಮಾತು ತೆಗೆದೆ, ವಾತಾವರಣ ಸ್ವಲ್ಪ ತಿಳಿಯಾಗಲಿ ಅಂತ. "ಈ ಸಲ ಚಿಕ್ಕಪ್ಪನಿಗೆ ಭುಜ ನೋವು. ಕೋವಿ ನಾನೇ ಹಾರಿಸ್ಬೇಕು ಅಂದಿದ್ದಾರೆ" ಅಂದ.

ಕಾಫಿ ಲೋಟ ಕೈಯಲ್ಲೇ ಉಳಿಯಿತು.

ಕೋವಿ

ಹೊರಗಿನ ಓದುಗರಿಗೆ ಒಂದು ಮಾತು. ಕದಿರು ಕೊಯ್ಯುವ ಹೊತ್ತಿಗೆ ಆಕಾಶಕ್ಕೆ ಗುಂಡು ಹಾರಿಸುವುದು ಪುತ್ತರಿಯ ಪದ್ಧತಿ. ಕೊಡವರಿಗೆ ಮತ್ತು ವಂಶದಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಇಲ್ಲಿ ಕೋವಿ ಅಂದರೆ ಮಗ ಹುಟ್ಟಿದಾಗ ಹಾರುವ ಗುಂಡು, ಸಾವಿನ ಸುದ್ದಿ ಊರಿಗೆ ತಿಳಿಸುವ ಗುಂಡು, ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುವ ವಸ್ತು. ಅದರ ಬಗ್ಗೆ ಹೊರಗಿನವಳಾದ ನಾನು ಏನಾದರೂ ಹೇಳಿದರೆ 'ಇವಳಿಗೇನು ಗೊತ್ತು' ಅನ್ನುವುದು ಸಹಜ.

ಆದರೆ ಆತ್ಮಹತ್ಯೆ ತಡೆಯುವ ಕೆಲಸದಲ್ಲಿ ಇರುವವರೆಲ್ಲ ಮೊದಲು ಹೇಳುವ ಮಾತು ಒಂದೇ. ಆ ಯೋಚನೆ ಅಲೆಯ ಹಾಗೆ ಬರುತ್ತದೆ, ಹೋಗುತ್ತದೆ. ಅಲೆ ಬಂದ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದೇ ಹೆಚ್ಚಿನ ಸಲ ನಿರ್ಣಾಯಕ. ಕೀಟನಾಶಕದ ಡಬ್ಬಿಗೆ ಬೀಗ ಹಾಕಿ ಅನ್ನುತ್ತೇವಲ್ಲ, ಇದೂ ಹಾಗೇ. ಹಬ್ಬ ಮನಸ್ಸಿಗೆ ಮದ್ದು ಅಂತ ತೋರಿಸಲು ಹೊರಟವಳಿಗೆ ಆ ಹಬ್ಬವೇ ಈ ಹುಡುಗನ ಕೈಗೆ ಕೋವಿ ಕೊಡುತ್ತದೆ ಅನ್ನುವುದು ಅಲ್ಲಿಯವರೆಗೆ ತಲೆಗೇ ಬಂದಿರಲಿಲ್ಲ. ನಮ್ಮ ಯಾವ ಪ್ರಶ್ನಾವಳಿಯಲ್ಲೂ ಅದರ ಬಗ್ಗೆ ಒಂದು ಸಾಲು ಇರಲಿಲ್ಲ.

ಕೋವಿ ಎಲ್ಲಿದೆ ಅಂತ ಕೇಳಿದೆ. ಅಪ್ಪನ ಬೀರುವಿನಲ್ಲಿ. ಬೀಗದ ಕೈ? ಅಡುಗೆ ಮನೆ ಬಾಗಿಲ ಹಿಂದಿನ ಮೊಳೆಯಲ್ಲಿ.

"ಮನೆಯಲ್ಲಿ ಒಬ್ಬರಿಗಾದರೂ ಹೇಳಲೇಬೇಕು. ಯಾರಿಗೆ ಅಂತ ನೀನೇ ಹೇಳು" ಅಂದೆ. ಅಪ್ಪನಿಗೆ ಬೇಡ ಅಂದ. ಅಮ್ಮ ಅಳುತ್ತಾಳೆ. ಸುಮಾರು ಹೊತ್ತು ಸುಮ್ಮನಿದ್ದು, "ದೊಡ್ಡಪ್ಪ ಆಗ್ಬಹುದು" ಅಂದ. ದೊಡ್ಡಪ್ಪ ಸೇನೆಯಿಂದ ನಿವೃತ್ತರಾದವರು. ಐನ್‌ಮನೆಯಲ್ಲೇ ಇರುತ್ತಾರೆ. ಮಾತು ಕಡಿಮೆ. ಜೊತೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರ್ ಅವನ ಫೋನಿನಲ್ಲಿ ಹಾಕಿಸಿದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರಿ ಸೇವೆ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. "ಮಡಿಕೇರಿ ಆಸ್ಪತ್ರೆಗೆ ಹೋದ್ರೆ ಯಾರಾದ್ರೂ ನೋಡ್ತಾರೆ" ಅನ್ನುವ ಹೆದರಿಕೆ ಇದ್ದವನಿಗೆ ಫೋನು ಸುಲಭ ಅನ್ನಿಸಿತು.

ಆ ಸಂಜೆಯೇ ಅಕ್ಕ ಅವನನ್ನು ದೊಡ್ಡಪ್ಪನ ಹತ್ತಿರ ಕರೆದುಕೊಂಡು ಹೋದಳು. ನಾನೂ ಹೋದೆ. ದೊಡ್ಡಪ್ಪ ಪೂರ್ತಿ ಕೇಳಿದರು. ನಡುವೆ ಒಂದು ಪ್ರಶ್ನೆಯೂ ಇಲ್ಲ. ಕೊನೆಗೆ, "ಕೋವಿ ಎಣ್ಣೆ ಹಾಕ್ಬೇಕು, ಈಡು ಹೊಡೆಯುವ ಮೊದಲು ನಾನೊಂದು ಸಲ ನೋಡ್ತೀನಿ ಅಂತ ನಿನ್ನಪ್ಪನಿಗೆ ಹೇಳ್ತೀನಿ. ನನ್ನ ಹತ್ರ ಇರಲಿ" ಅಂದರು. ಸ್ವಲ್ಪ ತಡೆದು, "ನಿದ್ದೆ ಬರಲ್ಲ ಅಂದ್ಯಲ್ಲ? ನನಗೂ ಬರಲ್ಲ. ಗದ್ದೆಗೆ ಹಂದಿ ಬರ್ತಿದೆ. ಇವತ್ತಿಂದ ಕಾವಲಿಗೆ ಬಾ."

ನಾಲ್ಕು ರಾತ್ರಿ

ಆ ಒಕ್ಕದ ಗದ್ದೆ ಹೆಚ್ಚು ಕಡಿಮೆ ಎಲ್ಲಾ ಪಾಳು. ಕೊಡಗಿನ ತುಂಬ ಇದೇ ಕಥೆ, ಅಲ್ವಾ? ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಗಿಟ್ಟುವುದಿಲ್ಲ, ಆನೆ ಹಂದಿ ಕಾಟ. ಕಾಫಿ ಇದ್ದರೆ ಸಾಕು ಅಂತ ಬಿಟ್ಟಿದ್ದಾರೆ. ಆದರೆ ಕದಿರು ಬೇಕಲ್ಲ. ಗದ್ದೆ ಇಲ್ಲದವರು ಪಕ್ಕದವರ ಗದ್ದೆಯಲ್ಲಿ ಕೊಯ್ದು ತರುತ್ತಾರೆ. ಇವರು ಒಂದೇ ಒಂದು ಮಡಿ ನಾಟಿ ಮಾಡಿದ್ದರು, ಹಬ್ಬಕ್ಕೆ ಅಂತಲೇ. ಅದನ್ನು ಹಂದಿ ತುಳಿದರೆ ಹಬ್ಬಕ್ಕೆ ಕದಿರೇ ಇಲ್ಲ.

ನಾಲ್ಕು ರಾತ್ರಿ ಗದ್ದೆ ಬದಿಯ ಗುಡಿಸಲಲ್ಲಿ ಇಬ್ಬರೂ ಕೂತರು. ಟಾರ್ಚು, ಬಡಿಯಲು ಒಂದು ತಗಡಿನ ಡಬ್ಬ, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಕೋವಿ ಇಲ್ಲ. ಹಗಲು ಗದ್ದೆ ದಾರಿಯ ಕಾಡು ಕಡಿದು ಸರಿಮಾಡುವುದೂ ಅವನ ಪಾಲಿಗೆ ಬಂತು. ಆ ದಾರಿಯಲ್ಲೇ ಹಬ್ಬದ ರಾತ್ರಿ ಎಲ್ಲರೂ ದೀಪ ಹಿಡಿದು ಬರಬೇಕು.

ಮೊದಲ ರಾತ್ರಿ ಏನೂ ಮಾತಾಡಲಿಲ್ಲವಂತೆ. ಎರಡನೇ ರಾತ್ರಿ ದೊಡ್ಡಪ್ಪ ತಾವು ಸೇನೆ ಸೇರಿದ ಹೊಸದರಲ್ಲಿ ಓಡಿ ಬಂದುಬಿಡೋಣ ಅಂದುಕೊಂಡಿದ್ದನ್ನು ಹೇಳಿದರಂತೆ. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಮೂರನೇ ರಾತ್ರಿ ನಾಲ್ಕು ವಿಷಯ ಬಾಕಿ ಇರುವುದು ಹೊರಗೆ ಬಂತು. "ದೊಡ್ಡಪ್ಪ ಏನಂದ್ರು?" ಅಂತ ಆಮೇಲೆ ಕೇಳಿದೆ. "'ನಾಲ್ಕೇನಾ?' ಅಂದ್ರು. ಆಮೇಲೆ ಡಬ್ಬ ಬಡಿದ್ರು, ಹಂದಿ ಬಂದಿತ್ತು."

ಇದನ್ನು ಯಾವ ಪ್ರಶ್ನಾವಳಿಯಲ್ಲಿ ಹಿಡಿಯುವುದು? ನಮ್ಮ ಮೊದಲ ಸುತ್ತು ಹಬ್ಬಕ್ಕೆ ಆರು ದಿನ ಮೊದಲು ಮುಗಿದಿತ್ತು, ಎರಡನೆಯದು ಹಬ್ಬದ ಮರುದಿನ. ಮುಖ್ಯವಾದದ್ದೆಲ್ಲ ನಡೆದದ್ದು ಈ ಎರಡರ ನಡುವೆ, ಹಬ್ಬದ ತಯಾರಿಯಲ್ಲಿ. ಹಬ್ಬ ಅಂದರೆ ಆ ಒಂದು ರಾತ್ರಿ ಅಂತ ನಾನು ಲೆಕ್ಕ ಹಾಕಿದ್ದೇ ತಪ್ಪು.

ಆ ರಾತ್ರಿ ಮತ್ತು ಆ 5

ಪುತ್ತರಿಯ ದಿನ, ಗಳಿಗೆ ಎರಡನ್ನೂ ಗೊತ್ತು ಮಾಡುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ನೆರೆ ಅನ್ನುವ ಎಲೆಗಳ ಕಟ್ಟು ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಊಟಕ್ಕೆ ಬೇರೆ ಬೇರೆ ಗಳಿಗೆ. ನನ್ನನ್ನೂ ಕರೆದಿದ್ದರು. ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪದ ಕೆಳಗೆ ಎಲೆಗಳನ್ನು ಸೇರಿಸಿ ನೆರೆ ಕಟ್ಟಿದರು. ಆಮೇಲೆ ಹುಣ್ಣಿಮೆ ಬೆಳಕಿನಲ್ಲಿ ಸಾಲಾಗಿ ಗದ್ದೆಗೆ. ಹುಡುಗ ಕಡಿದಿದ್ದ ದಾರಿ. ದೊಡ್ಡಪ್ಪ ಗುಂಡು ಹಾರಿಸಿದರು. ಗುಡ್ಡದ ಆಚೆಯಿಂದಲೂ ಒಂದು, ಇನ್ನೊಂದು. 'ಪೊಲಿ ಪೊಲಿಯೇ ದೇವಾ' ಅಂತ ಎಲ್ಲರೂ ಕೂಗಿದರು. ಪೊಲಿ ಅಂದರೆ ಹೆಚ್ಚಲಿ. ಕೊಯ್ದ ಕದಿರು ಹೊತ್ತು ಮನೆಗೆ ಬಂದವನು ಹುಡುಗ. ಬಾಗಿಲಲ್ಲಿ ಅಮ್ಮ ಕಾಲು ತೊಳೆದು ಹಾಲು ಕೊಟ್ಟಳು. ಅಲ್ಲಿಯವರೆಗೆ ನನ್ನ ಮೂಲ ಊಹೆಗೆ ತಕ್ಕ ಹಾಗೇ ಇತ್ತು ಎಲ್ಲಾ.

ಆಮೇಲೆ ಕಾಲು ಹಿಡಿಯುವುದು. ಕಿರಿಯರು ಹಿರಿಯರೆಲ್ಲರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಐನ್‌ಮನೆಯಲ್ಲಿ ಹಿರಿಯರು ಬೇಕಾದಷ್ಟು. ಒಬ್ಬೊಬ್ಬರೂ ತಲೆ ಮೇಲೆ ಕೈಯಿಟ್ಟು, ಒಂದೊಂದು ಪ್ರಶ್ನೆ. "ಎಷ್ಟನೇ ವರ್ಷ?" "ಯಾವ ಕಂಪನಿ ಬರುತ್ತೆ ನಿಮ್ಮ ಕಾಲೇಜಿಗೆ?" "ನನ್ನ ಮೊಮ್ಮಗನಿಗೆ ಆಯ್ತು, ನಿಂಗೆ?" ಐದಾರು ಜನರವರೆಗೆ ನಗುತ್ತಾ ಉತ್ತರ ಕೊಟ್ಟ. ಆಮೇಲೆ ಕಾಣಲಿಲ್ಲ. ಹಿಂದಿನ ಜಗುಲಿಯಲ್ಲಿ ಒಬ್ಬನೇ ಕೂತಿದ್ದ. ಅಷ್ಟರಲ್ಲಿ ಯಾರೋ ಸೋದರಸಂಬಂಧಿ ಒಂದು ಪೆಗ್ ತಂದು ಕೈಗಿಟ್ಟಿದ್ದ, 'ಚಳಿಗೆ' ಅಂತ. ಮನಸ್ಸು ಕುಸಿದಿರುವಾಗ ಮದ್ಯ ಕೆಟ್ಟ ಜೊತೆಗಾರ. ಆದರೆ ಹಬ್ಬದ ಮನೆಯಲ್ಲಿ ಬೇಡ ಅನ್ನಲು ಅವನಿಗೆ ಒಂದು ಕಾರಣ ಬೇಕಿತ್ತು. ದೊಡ್ಡಪ್ಪ ಬಂದು ಲೋಟ ತೆಗೆದುಕೊಂಡು ತಾವೇ ಕುಡಿದುಬಿಟ್ಟರು. "ಇವನಿಗೆ ನಾಳೆ ಬೇಗ ಕೆಲಸ ಇದೆ" ಅಂದರು.

ಮರುದಿನ ಎರಡನೇ ಹಾಳೆ. ಒಟ್ಟು 5.

ಹದಿನೈದರಿಂದ ಐದಕ್ಕೆ! ಇಲ್ಲಿಗೇ ನಿಲ್ಲಿಸಿದ್ದರೆ ಚೆಂದದ ವರದಿ ಆಗುತ್ತಿತ್ತು. ಆದರೆ ಆ ಹಾಳೆ ತುಂಬಿದ್ದು ಐನ್‌ಮನೆಯ ಜಗುಲಿಯಲ್ಲಿ, ಪಕ್ಕದಲ್ಲಿ ಮೂವರು ತಮ್ಮಂದಿರು ತಂಬಿಟ್ಟು ತಿನ್ನುತ್ತಾ ಇಣುಕುತ್ತಿದ್ದರು. ಪ್ರಶ್ನೆ ಎರಡು ವಾರದ್ದು, ಉತ್ತರ ಆ ಬೆಳಗಿನದು. ಹಬ್ಬದ ಮರುದಿನ ಹೊಸ ಬಟ್ಟೆಯಲ್ಲಿ ಕೂತು 'ನನಗೆ ಬೇಜಾರು' ಅಂತ ಯಾರು ಬರೆಯುತ್ತಾರೆ? ಹಿಂದಿನ ರಾತ್ರಿ ಹಿಂಬದಿ ಜಗುಲಿಯಲ್ಲಿ ಅವನನ್ನು ನೋಡಿದ್ದ ನಾನು ಆ 5ನ್ನು ನಂಬಲಿಲ್ಲ.

ಅಂಕ ಇಳಿಯಲು ಬೇರೆ ಕಾರಣವೂ ಇರಬಹುದು. ತುಂಬ ಮೇಲಿದ್ದ ಅಂಕ ಎರಡನೇ ಸಲ ಅಳೆದಾಗ ತಾನಾಗಿಯೇ ಸ್ವಲ್ಪ ಕೆಳಗೆ ಬರುವುದುಂಟು. ಹವಾಮಾನವೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸುರಿವ ಮಳೆ ನಿಂತು ಬಿಸಿಲು ಕಾಣುವ ಕಾಲ ಇದು. 2018ರ ಆಗಸ್ಟ್‌ನ ಭೂಕುಸಿತದ ನಂತರ ಜೋರು ಮಳೆಗೆ ಎದ್ದು ಕೂರುವ ಮನೆಗಳು ನನಗೇ ಎಷ್ಟೋ ಗೊತ್ತು. ಅಂಥ ಮನೆಯ ಮಕ್ಕಳಿಗೆ ನವೆಂಬರ್ ಅಂದರೇ ಒಂದು ಸಮಾಧಾನ, ಹಬ್ಬ ಇರಲಿ ಬಿಡಲಿ.

ಇದೇ ಅಧ್ಯಯನದಲ್ಲಿದ್ದ ಒಬ್ಬ ಹುಡುಗಿಯ ಅಂಕ ಹಬ್ಬದ ಮರುದಿನ ಏರಿತ್ತು. ಯಾಕೆ ಅಂದರೆ, "ಹಬ್ಬ ಅಂದ್ರೆ ಅಣ್ಣಂದಿರಿಗೆ ನಾಲ್ಕು ದಿನ ರಜೆ ಮೇಡಂ, ನಮಗೆ ನಾಲ್ಕು ದಿನ ಡ್ಯೂಟಿ" ಅಂದಳು. ಐನ್‌ಮನೆ ತೊಳೆಯುವುದು, ಗೆಣಸು ಬೇಯಿಸುವುದು, ಮೂವತ್ತು ಜನಕ್ಕೆ ಕಾಫಿ. ಮುಂದಿನ ವಾರ ಸೆಮಿಸ್ಟರ್ ಪರೀಕ್ಷೆ. ಇನ್ನೊಬ್ಬ ಹುಡುಗ ತೋಟದ ಕಾರ್ಮಿಕರ ಲೈನ್ ಮನೆಯವನು. ಗುಂಡಿನ ಸದ್ದು ದೂರದಿಂದ ಕೇಳಿ ಮಲಗಿದ ಅಂದ, ಅಷ್ಟೇ ಅವನ ಪುತ್ತರಿ. ನಾಟಿ ಮಾಡಿದ್ದು ಅವನ ಅಮ್ಮ. ಇವರಿಬ್ಬರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಮೂರು ವಾರದ ನಂತರ

ಮೂರನೇ ಹಾಳೆ ಕಾಲೇಜಿನ ಖಾಲಿ ಕೋಣೆಯಲ್ಲಿ, ಒಬ್ಬನೇ ಕೂತು ತುಂಬಿದ. ಒಟ್ಟು 12. ಒಂಬತ್ತನೇ ಪ್ರಶ್ನೆಗೆ 0.

ಹಾಳೆಯ ಲೆಕ್ಕದಲ್ಲಿ ಇದು ಸೋಲು, 5 ಇದ್ದದ್ದು 12 ಆಯಿತು. ನನಗೆ ಮೂರರಲ್ಲಿ ನಂಬಿಕೆ ಬಂದ ಅಂಕ ಇದೇ. ನಡುವೆ ಏನಾಯಿತು ಅಂದರೆ, ಕೋಲಾಟದ ದಿನ ಊರವರೆಲ್ಲ ಸೇರುವ ಬಯಲು, ಮಂದ್‌ನಿಂದ ವಾಪಸ್ ಬರುವಾಗ ದೊಡ್ಡಪ್ಪ ಅವನ ಅಪ್ಪನಿಗೆ ವಿಷಯ ಹೇಳಿದರು. ಹುಡುಗನ ಎದುರಿಗೇ, ಅವನನ್ನು ಕೇಳಿ. ಅಪ್ಪ ರೇಗಿದರು. 'ಮೂರು ವರ್ಷದ ಫೀಸು' ಅಂದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಆ ಎರಡು ದಿನ ಹುಡುಗ ಐನ್‌ಮನೆಯಲ್ಲೇ ಮಲಗಿದ. ಒಂದು ರಾತ್ರಿ 14416ಕ್ಕೆ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ. ಮೂರನೇ ದಿನ ಅಪ್ಪ ಬಂದು, "ಬಾಕಿ ವಿಷಯ ಬರೆಯೋಕೆ ಕೊನೇ ತಾರೀಕು ಯಾವಾಗ?" ಅಂತ ಕೇಳಿದರು. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದವರೂ ಅಪ್ಪನೇ. ಮಡಿಕೇರಿಗೆ ಹೋಗಲಿಲ್ಲ, ಮೈಸೂರಿಗೆ ಹೋದರು. ಯಾರೂ ನೋಡಬಾರದು ಅಂತ. ಅದು ಅವರ ಹೆದರಿಕೆ, ನಾನೇನೂ ಅನ್ನಲಿಲ್ಲ.

ನಿದ್ದೆ ಒಂದು ಮಟ್ಟಕ್ಕೆ ಬಂದಿತ್ತು. ಓದಿನ ಮೇಲೆ ಮನಸ್ಸು ಇನ್ನೂ ನಿಲ್ಲುತ್ತಿರಲಿಲ್ಲ. ಯಾವುದು ಕೆಲಸ ಮಾಡಿತು ಅಂತ ಕೇಳಿದೆ. ಪುತ್ತರಿ ರಾತ್ರಿನಾ? ಯೋಚಿಸಿ ಹೇಳಿದ: "ಆ ರಾತ್ರಿ ಚೆನ್ನಾಗಿತ್ತು ಮೇಡಂ. ಆದ್ರೆ ಹಂದಿ ಕಾಯೋಕೆ ನಾನು ಬೇಕಿತ್ತಲ್ಲ, ಅದು."

ದೊಡ್ಡಪ್ಪನಂಥವರು ಎಲ್ಲಾ ಮನೆಯಲ್ಲೂ ಇರುವುದಿಲ್ಲ, ಇದು ನನಗೆ ಗೊತ್ತು. ಅವರಿಲ್ಲದಿದ್ದರೆ ಈ ವರದಿ ಹೇಗಿರುತ್ತಿತ್ತೋ ಯೋಚಿಸಲು ಇಷ್ಟವಿಲ್ಲ. ನಮ್ಮ ಕೈಯಲ್ಲಿದ್ದುದನ್ನು ಮಾತ್ರ ಬದಲಿಸಿದ್ದೇವೆ. ಒಂಬತ್ತನೇ ಪ್ರಶ್ನೆಯ ಉತ್ತರವನ್ನು ಹಾಳೆ ಕೈಗೆ ಬಂದ ದಿನವೇ ನೋಡುತ್ತೇವೆ. ಮನೆಯಲ್ಲಿ ಹಾಳೆ ತುಂಬಿಸುವುದಿಲ್ಲ. 'ಖಿನ್ನತೆ' ಅನ್ನುವ ಪದ ತೆಗೆದು 'ಬೇಜಾರು', 'ಮಂಡೆ ಬಿಸಿ' ಅಂತಲೇ ಕೇಳುತ್ತೇವೆ. ಮನೆಯವರ ಜೊತೆ ಮಾತಾಡುವಾಗ ಕೋವಿಯ ಬೀಗದ ಕೈ ಎಲ್ಲಿರುತ್ತದೆ ಅಂತ ಕೇಳುತ್ತೇವೆ. ಮೊದಮೊದಲು ಬೇಸರ ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಹೆಚ್ಚಿನವರು ಎದ್ದು ಹೋಗಿ ನೋಡಿ ಬರುತ್ತಾರೆ.

ಹುಡುಗ ಎರಡು ವಿಷಯ ಪಾಸು ಮಾಡಿದ್ದಾನೆ, ಇನ್ನೆರಡು ಉಳಿದಿವೆ. ಈ ಜುಲೈನಲ್ಲಿ ಅವರ ಗದ್ದೆಯಲ್ಲಿ ಎರಡು ಮಡಿ ನಾಟಿ ಆಗಿದೆ. ಕೋವಿಯನ್ನು ಅವನ ಅಪ್ಪ ಒಂದು ಸಲ ವಾಪಸ್ ಕೇಳಿದರಂತೆ. "ಇರಲಿ, ಎಣ್ಣೆ ಇನ್ನೂ ಒಣಗಿಲ್ಲ" ಅಂದರಂತೆ ದೊಡ್ಡಪ್ಪ.